ತೊಟ್ಟೆ, ಬನ, ಬಚ್ಚಲೊಲೆ: ಓದುಗರ ಪತ್ರಗಳಿಗೆ ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧ ಪ್ಲಾಸ್ಟಿಕ್ ತೊಟ್ಟೆಯ ಬಗ್ಗೆ, ಇನ್ನರ್ಧ ಗಿಡ ನೆಡುವುದರ ಬಗ್ಗೆ. ಜೂನ್ 5, ಅಂದರೆ ಪರಿಸರ ದಿನ, ಹತ್ತಿರ ಬಂದರೆ ಪ್ರತಿ ವರ್ಷವೂ ಹೀಗೆಯೇ. ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ: ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ, ಕೇರಳದ ಲೆಕ್ಕದಲ್ಲಿ ಐವತ್ತಾರಕ್ಕೇ ನಿವೃತ್ತಳಾಗಿ ಮನೆಗೆ ಬಂದವಳು. ನೀರ್ಚಾಲಿನ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ, ತೋಟದ ಮೇಲ್ಬದಿಯಲ್ಲಿ ಊರಿನ ನಾಗಬನ. ನಾನು ಹೇಳುವುದರಲ್ಲಿ ಹೆಚ್ಚಿನದು ಇಷ್ಟು ಜಾಗದೊಳಗೆ ನೋಡಿ ಕಲಿತದ್ದು.

ಟೀಚರ್, ನಮ್ಮಲ್ಲಿ ಬಚ್ಚಲೊಲೆಗೆ ಬೆಂಕಿ ಹಿಡಿಸುವುದೇ ಹಾಲಿನ ತೊಟ್ಟೆಯಿಂದ. ಬೇಡ ಎಂದರೆ ಅತ್ತೆ, "ಒಂದು ತೊಟ್ಟೆಯಿಂದ ಎಂತ ಆಗುತ್ತದೆ" ಎನ್ನುತ್ತಾರೆ. ಅವರಿಗೆ ಹೇಗೆ ಹೇಳುವುದು? — ಗೃಹಿಣಿ, ಬದಿಯಡ್ಕ

ಅತ್ತೆಗೆ ಏನೂ ಹೇಳಬೇಡಿ. ಒಲೆಯ ಪಕ್ಕ ಒಂದು ಬುಟ್ಟಿ ಇಡಿ. ಅದರಲ್ಲಿ ಒಣಗಿದ ಸೋಗೆ, ಅಡಿಕೆ ಹಾಳೆಯ ಚೂರು, ತೆಂಗಿನ ಸಿಪ್ಪೆ, ನಾಲ್ಕು ಗೆರಟೆ ಯಾವಾಗಲೂ ಇರಲಿ. ಆಟಿ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಐದೂವರೆಗೆ ಒದ್ದೆ ಸೌದೆಯ ಎದುರು ಕುಕ್ಕರುಗಾಲಲ್ಲಿ ಕೂತವರ ಕೈಗೆ ಯಾವುದು ಸಿಗುತ್ತದೋ ಅದೇ ಒಲೆಗೆ ಹೋಗುವುದು. ನಮ್ಮ ಅಮ್ಮ ಸೋಗೆಯಲ್ಲೇ ಉರಿಸುತ್ತಿದ್ದರು. ತೊಟ್ಟೆ ಹಾಲು ಮನೆಗೆ ಬಂದ ಮೇಲೆ ತೊಟ್ಟೆಗೆ ಬದಲಾದರು. ನಾನೂ ಹಾಗೆಯೇ ಮಾಡುತ್ತಿದ್ದೆ. ತರಗತಿಯಲ್ಲಿ ವಾಯುಮಾಲಿನ್ಯದ ಪಾಠ ಮಾಡಿ ಬಂದು ಸಂಜೆ ಒಲೆಗೆ ತೊಟ್ಟೆ ಇಟ್ಟವಳು ನಾನು.

ಅತ್ತೆ ಕೇಳುವ ಮನಸ್ಸಿನಲ್ಲಿದ್ದರೆ ಮಾತ್ರ ಬೂದಿಯ ವಿಷಯ ಎತ್ತಿ. ಹಾಲಿನ ತೊಟ್ಟೆ ಪಾಲಿಥೀನ್. ಬಚ್ಚಲೊಲೆಯ ಮಂದ ಉರಿಯಲ್ಲಿ ಅದು ಪೂರ್ತಿ ಸುಡದೆ ಮಸಿ, ಹೊಗೆ, ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದರ ಜೊತೆ ಪಿ.ವಿ.ಸಿ. ಪೈಪಿನ ತುಂಡೋ ವಯರಿನ ಸಿಪ್ಪೆಯೋ ಸೇರಿಕೊಂಡರೆ ಅದರಲ್ಲಿರುವ ಕ್ಲೋರಿನ್‌ನಿಂದ ಡಯಾಕ್ಸಿನ್ ಹುಟ್ಟುತ್ತದೆ. ಅದು ಬೇಗ ಕರಗಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಸೇರಿ ಕೂರುತ್ತದೆ, ದನದ ಹಾಲಿನ ಕೊಬ್ಬಿನಲ್ಲಿಯೂ. ಇನ್ನು ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ? ಬಸಳೆ ಬುಡಕ್ಕೆ. ಬಸಳೆ ಎಲ್ಲಿಗೆ ಎಂದು ಅತ್ತೆಗೆ ನಾವು ಹೇಳಬೇಕಾಗಿಲ್ಲ.

ಒಂದು ಚಿಲ್ಲರೆ ಸಂಗತಿ, ಆದರೆ ನನಗೆ ದೊಡ್ಡದು. ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ, ಅಂಚಿಗೆ ಹಿಡಿದುಕೊಂಡಿರುವ ಹಾಗೆ ಸೀಳಿ. ಆ ತ್ರಿಕೋನದ ಚೂರನ್ನು ಯಾರೂ ಹೆಕ್ಕುವುದಿಲ್ಲ. ಪಾತ್ರೆ ತೊಳೆದ ನೀರಿನೊಂದಿಗೆ ತೋಟದ ಕಣಿಗೆ ಹೋಗುತ್ತದೆ. ತೊಟ್ಟೆಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಬಸಳೆಗೆ ಚೆಲ್ಲಿ, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ನಮ್ಮ ಹಗ್ಗದಲ್ಲಿ ಯಜಮಾನರ ಬೈರಾಸಿನ ಪಕ್ಕ ದಿನಾ ಎರಡು ತೊಟ್ಟೆ ಒಣಗುತ್ತವೆ. ಮೊದಲು ನೆಂಟರು ನಗುತ್ತಿದ್ದರು, ಈಗ ಅಭ್ಯಾಸವಾಗಿದೆ.

ನಮ್ಮದು ಮೂರು ಎಕರೆ ಜಾಗ. ಪ್ಲಾಸ್ಟಿಕ್ಕನ್ನು ಹೊಂಡ ತೆಗೆದು ಹೂಳಿದರೆ ಮುಗಿಯಿತು. ಹಾಗಿರುವಾಗ ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ತಿಂಗಳಿಗೆ 50 ರೂಪಾಯಿ ಏಕೆ ಕೊಡಬೇಕು? — ಕೃಷಿಕ, ಪುತ್ತಿಗೆ

ಹೂಳಿದರೆ ಮುಗಿಯುವುದಿಲ್ಲ ಸ್ವಾಮಿ. ಹೋದ ವರ್ಷ ನಮ್ಮಲ್ಲಿ ಸತ್ತ ಅಡಿಕೆ ಮರದ ಜಾಗಕ್ಕೆ ಸಸಿ ಇಡಲು ಗುಂಡಿ ತೆಗೆದಾಗ ಗೊಬ್ಬರದ ಚೀಲದ ಒಳತೊಟ್ಟೆಯೊಂದು ಮೇಲೆ ಬಂತು. ಹೂಳಿದ್ದು ನಮ್ಮ ಮಾವ. ಅವರು ತೀರಿಕೊಂಡು 28 ವರ್ಷ ಆಯಿತು. ತೊಟ್ಟೆಯ ಮೇಲಿನ ಅಕ್ಷರ ಇನ್ನೂ ಓದಬಹುದಿತ್ತು. ಪಕ್ಕದ ಮರದ ಬೇರು ಅದನ್ನು ಮುಟ್ಟಿ, ದಾರಿ ಸಿಗದೆ ತಿರುಗಿ ಹೋಗಿತ್ತು.

50 ರೂಪಾಯಿ ಗುಡ್ಡೆ ಹತ್ತುವ ಕೂಲಿ ಎಂದು ತಿಳಿಯಿರಿ. ನಮ್ಮ ವಾರ್ಡಿಗೆ ಬರುವವರು ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಇಬ್ಬರು ಹೆಂಗಸರು. ನಮ್ಮಲ್ಲಿ ಮನೆ ಎಂದರೆ ಪೇಟೆಯ ಹಾಗೆ ಗೋಡೆಗೆ ಗೋಡೆ ತಾಗಿದ್ದಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ಇಳಿದು, ಸಂಕ ದಾಟಿ, ಮತ್ತೆ ಗುಡ್ಡೆ ಹತ್ತಬೇಕು. ಗೋಣಿ ತಲೆಯ ಮೇಲೆ. ಮಾರ್ಗದ ಬದಿಯ ಗೂಡಿಗೆ ತಂದು ಹಾಕಿ, ಅಲ್ಲಿಂದ ಪಂಚಾಯತಿನ ಸಂಗ್ರಹ ಕೇಂದ್ರಕ್ಕೆ ಸಾಗಿಸಿ, ಕೂತು ಬೇರೆ ಬೇರೆ ಮಾಡುತ್ತಾರೆ. ಹಾಲಿನ ತೊಟ್ಟೆಯಂಥದ್ದು ಮತ್ತೆ ಪ್ಲಾಸ್ಟಿಕ್ಕಾಗುತ್ತದೆ. ಕೆಲವು ಪುಡಿಯಾಗಿ ಡಾಮರಿನ ಜೊತೆ ಮಾರ್ಗಕ್ಕೆ ಬೀಳುತ್ತದೆ. ಆ ವಿಧಾನ ಕಂಡುಹಿಡಿದವರು ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ವಾಸುದೇವನ್, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಿಪ್ಸ್, ಬಿಸ್ಕೆಟ್ ಪೊಟ್ಟಣಗಳದ್ದೇ ತಲೆನೋವು. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದರಿಂದ ಬಿಡಿಸಲಿಕ್ಕಾಗದು. ಅವು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತವೆ. ಹಾಗೆಂದು ಚಿಪ್ಸ್ ತಿನ್ನಬೇಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಹಿಡಿದು ಹತ್ತು ದಿನ ಕಳೆದರೂ ಹೊಗೆ ಆರಲಿಲ್ಲ ಎಂಬುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅದರ ನಂತರ ಸರಕಾರ ಬಿಗಿ ಮಾಡಿತು. 50 ರೂಪಾಯಿ ಬಾಕಿ ಇಟ್ಟರೆ ಮನೆತೆರಿಗೆಯ ಹಾಗೆ ವಸೂಲಿ ಮಾಡಲಿಕ್ಕೂ ಈಗ ದಾರಿ ಉಂಟು. ಜಗಳ ಮಾಡಿ ಕೊಡುವುದಕ್ಕಿಂತ ಒಂದು ಗ್ಲಾಸ್ ಮಜ್ಜಿಗೆ ಸೇರಿಸಿ ಕೊಡಿ.

ಅದೇ ಸೇನೆಯವರು ಕೊಟ್ಟ ಕಾರ್ಡ್ ಪೂರ್ತಿ ಮಲಯಾಳದಲ್ಲಿದೆ. ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಕನ್ನಡದಲ್ಲಿ ಕೊಡದಿದ್ದರೆ ನಾವೇಕೆ ಪಾಲಿಸಬೇಕು? — ಹೆಸರು ಬೇಡ ಎಂದವರು, ಪೈವಳಿಕೆ

ನಿಮ್ಮ ಸಿಟ್ಟು ನ್ಯಾಯದ್ದೇ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳು. ಇಲ್ಲಿ ಕನ್ನಡದಲ್ಲಿಯೂ ತಿಳಿಸಬೇಕಾದ್ದು ಔದಾರ್ಯದ ಮಾತಲ್ಲ. ಅರ್ಜಿ ಬರೆಯಿರಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ, ಉತ್ತರ ಬಂದಿಲ್ಲವಾದರೆ ಮತ್ತೆ ಬರೆಯಿರಿ. ನಾನು ನಾಲ್ಕು ಅರ್ಜಿ ಬರೆದಿದ್ದೇನೆ. ಐದನೆಯದ್ದು ಮೇಜಿನ ಮೇಲಿದೆ.

ಆದರೆ ಕಾರ್ಡ್ ಬರುವ ತನಕ ತೊಟ್ಟೆ ಕಾಯುವುದಿಲ್ಲವಲ್ಲ. ನಾನು ಒಂದು ಹಾಳೆಯಲ್ಲಿ ನಮ್ಮ ಊರಿನ ಮಾತಿನಲ್ಲೇ ಪಟ್ಟಿ ಬರೆದು ಝೆರಾಕ್ಸ್ ಮಾಡಿಸಿದೆ: ಹಾಲಿನ ತೊಟ್ಟೆ, ಎಣ್ಣೆ ತೊಟ್ಟೆ, ಹಿಂಡಿಯ ಚೀಲ, ಮಾತ್ರೆಯ ಹಾಳೆ, ಹಳೇ ಚಪ್ಪಲಿ, ಒಡೆದ ಬಾಲ್ದಿ. ಮೂವತ್ತೆರಡು ಮನೆಗೆ ಅದನ್ನು ಹಂಚಿದವರು ಸೇನೆಯ ಆ ಇಬ್ಬರು ಹೆಂಗಸರೇ. ಒಬ್ಬರಿಗೆ ತುಳು ಬರುತ್ತದೆ, ಇನ್ನೊಬ್ಬರದ್ದು ನೀಲೇಶ್ವರದ ಕಡೆಯ ಮಲಯಾಳ. ಆ ನೀಲೇಶ್ವರದವರು ಮೊದಲ ತಿಂಗಳು ಆಚೆಮನೆಯ ಅಜ್ಜಿಯಲ್ಲಿ ತೊಟ್ಟೆ ಒಣಗಿದೆಯೇ ಎಂದು ಕೇಳಲು "ಉಣಂಙಿಯೋ?" ಎಂದಿದ್ದಾರೆ. ಅಜ್ಜಿ, "ಉಂಡಾಯಿತು ಮಗಾ, ಗಂಜಿ. ನಿನ್ನದಾಯಿತಾ?" ಎಂದರಂತೆ. ಈಗ ಆ ಮನೆಯಲ್ಲಿ ಅವರಿಗೆ ಪ್ರತಿ ತಿಂಗಳೂ ಗಂಜಿ ಉಂಟು.

ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಹಾಕುವಾಗ ಮೊದಲಿನ ಹಾಗೆ ಮಣ್ಣು ಸಿಗುವುದಿಲ್ಲ, ಆಳೂ ಇಲ್ಲ. ಪ್ಲಾಸ್ಟಿಕ್ ಶೀಟ್ ಹಾಕುತ್ತೇವೆ. ಪರಿಸರದ ಕೆಲಸಕ್ಕೆ ಪ್ಲಾಸ್ಟಿಕ್ ಹಾಕುವುದು ತಪ್ಪೇ? — ಕೃಷಿಕ, ಕುಂಬ್ಡಾಜೆ

ನೀವು ಕಟ್ಟಗಳಿಗೆ ಹೆಸರಾದ ಏತಡ್ಕದ ಪಕ್ಕದವರು. ಕಟ್ಟದ ವಿಷಯ ನನಗೆ ನೀವೇ ಕಲಿಸಬೇಕು. ತಪ್ಪು ಖಂಡಿತ ಅಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದೂ ಮಾರ್ಚಿನಲ್ಲಿ ಬಾವಿ ಇಣುಕುವ ಜಿಲ್ಲೆ ನಮ್ಮದು. ಡಿಸೆಂಬರಿನಲ್ಲಿ ತೋಡನ್ನು ತಡೆದು ನಿಲ್ಲಿಸಿದರೆ ಇಕ್ಕೆಲದ ಬಾವಿ, ಸುರಂಗಗಳಿಗೆಲ್ಲ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದವು) ಜೀವ ಬರುತ್ತದೆ. ಕಲ್ಲಿನ ಗೋಡೆಗೆ ದಪ್ಪದ ಶೀಟ್ ಒರಗಿಸಿದರೆ ವಾರದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ.

ತೆಗೆಯುವುದರಲ್ಲಿ ಎಚ್ಚರ ಬೇಕು. ಕಟ್ಟುವ ದಿನ ಇಪ್ಪತ್ತು ಜನ, ಅವಲಕ್ಕಿ, ಫೋಟೋ. ಬಿಚ್ಚುವ ದಿನಕ್ಕೆ ಯಾರೂ ಇಲ್ಲ. ಮೊದಲ ಬೊಳ್ಳಕ್ಕೆ, ಎಂದರೆ ನೆರೆಗೆ, ಶೀಟ್ ಹರಿದು ಹೊಳೆಗೆ, ಹೊಳೆಯಿಂದ ಕಡಲಿಗೆ. ಮೇ ತಿಂಗಳ ಕೊನೆಗೆ ಶೀಟ್ ತೆಗೆದು, ತೊಳೆದು, ಮಡಚಿ ಇಡುವುದು ಯಾವ ಮನೆ ಎಂದು ಕಟ್ಟ ಕಟ್ಟುವ ದಿನವೇ ಬರೆದಿಡಿ. ಇಲಿ ಕಡಿಯದ ಜಾಗದಲ್ಲಿಟ್ಟರೆ ಮರುವರ್ಷಕ್ಕೂ ಬರುತ್ತದೆ.

ನಮ್ಮ ತರವಾಡಿನ (ಮೂಲಮನೆಯ) ನಾಗಬನದ ಮರಗಳನ್ನು ತೆಗೆದು ಕಟ್ಟೆಗೆ ಗ್ರಾನೈಟ್, ಸುತ್ತ ಇಂಟರ್‌ಲಾಕ್ ಹಾಕಬೇಕೆಂದು ಹಿರಿಯರು ಹೊರಟಿದ್ದಾರೆ. ಬನದ ತುಂಬ ತೊಟ್ಟೆ ಬಿದ್ದಿರುವುದೂ ನಿಜ, ಅದನ್ನೇ ಅವರು ಕಾರಣ ಹೇಳುತ್ತಾರೆ. ಬನವನ್ನು ಬನವಾಗಿಯೇ ಉಳಿಸಲು ದಾರಿ ಇದೆಯೇ? — ವಿದ್ಯಾರ್ಥಿನಿ, ಬೆಳ್ಳೂರು

ನಿನ್ನ ಪತ್ರವನ್ನು ಮೂರು ಸಲ ಓದಿದೆ ಮಗಳೇ. ಏಕೆಂದರೆ ಇಂಥದ್ದೇ ಸಭೆಯಲ್ಲಿ ನಾನೂ ಕೂತಿದ್ದೆ. 2018ರಲ್ಲಿ ನಮ್ಮ ಊರಿನ ಬನದ ಎದುರು ಭಾಗಕ್ಕೆ ಸಿಮೆಂಟ್ ಹಾಕುವ ತೀರ್ಮಾನ ಆದಾಗ ಸಮಿತಿಯಲ್ಲಿ ನಾನಿದ್ದೆ. ಹಿರಿಯರು ಮಾತಾಡುವಾಗ ಎದುರು ಹೇಳುವುದು ಹೇಗೆ ಎಂದು ಚಹಾ ಕುಡಿದು ಸುಮ್ಮನಾದೆ. ಹದಿನಾಲ್ಕು ಸೆಂಟ್ಸ್ ಬನದಲ್ಲಿ ನಾಲ್ಕು ಸೆಂಟ್ಸ್ ಹೋಯಿತು. ಒಂದು ಹೆಬ್ಬಲಸು, ಒಂದು ಹಾಲೆ ಮರ, ಲೆಕ್ಕಕ್ಕೆ ಸಿಗದಷ್ಟು ಕೇಪಳ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಆ ಹಾಲೆಯ ಕೆತ್ತೆಯನ್ನೇ ಊರಿನವರು ಒಯ್ಯುತ್ತಿದ್ದದ್ದು. ಮರು ವರ್ಷ ಎಲ್ಲರೂ ಹಾಲೆ ಎಲ್ಲಿ ಸಿಗುತ್ತದೆ ಎಂದು ಪರಸ್ಪರ ಫೋನ್ ಮಾಡಿದರು.

ಹಿರಿಯರಲ್ಲಿ ವಾದ ಮಾಡಬೇಡ. ಏಪ್ರಿಲಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಅವರನ್ನು ಗ್ರಾನೈಟ್ ಹಾಕಿದ ಯಾವುದಾದರೂ ಬನಕ್ಕೆ ಕರೆದುಕೊಂಡು ಹೋಗು. ಚಪ್ಪಲಿ ಹೊರಗಿಡಬೇಕಷ್ಟೆ. ಅಲ್ಲಿಂದ ನೇರ ನಿಮ್ಮ ಬನಕ್ಕೆ ತಾ. ಬರಿಗಾಲಿನ ಅಂಗಾಲಿಗೆ ನಿನಗಿಂತ ಚೆನ್ನಾಗಿ ವಿವರಿಸಲು ಬರುತ್ತದೆ. ಆ ಬಿಸಿ ಕಲ್ಲಿನ ಮೇಲೆ ಯಾವ ನಾಗ ಬಂದು ಮಲಗುತ್ತಾನೆ ಎಂದು ನಮ್ಮಲ್ಲಿ ಒಬ್ಬ ಹಿರಿಯರೇ ಕೊನೆಗೆ ಕೇಳಿದರು. ನಾನು ಕೇಳಬೇಕಾದ ಪ್ರಶ್ನೆ, ಎರಡು ವರ್ಷ ತಡವಾಗಿ.

ನಮ್ಮಲ್ಲಿ ಬನ ಹಿಂದೆ ಬಂದದ್ದು ಹೇಗೆಂದು ಹೇಳುತ್ತೇನೆ, ನಿನಗೆ ಬೇಕಾದ್ದನ್ನು ತೆಗೆದುಕೋ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಯಾರೂ ಬನಕ್ಕೆ ಬರಲಿಲ್ಲ, ಯಾರೂ ಗುಡಿಸಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ರಾಮಪತ್ರೆಯ ಬುಡದಲ್ಲಿ ಅದರದ್ದೇ ಮಕ್ಕಳು, ಗೇಣುದ್ದದವು, ಗುಂಪು ಗುಂಪು. ಅಷ್ಟು ವರ್ಷ ನಾವು ಶುಚಿ ಮಾಡುತ್ತೇವೆಂದು ಎಲೆಯ ಜೊತೆ ಅವುಗಳನ್ನೂ ಗುಡಿಸಿ ಬೆಂಕಿ ಕೊಡುತ್ತಿದ್ದೆವು. ನಾನು ಜೀವಶಾಸ್ತ್ರದ ಟೀಚರ್, ನೆನಪಿರಲಿ.

ಮೊದಲು ತೊಟ್ಟೆ ಹೆಕ್ಕಿದೆವು. ಮೂರು ಗೋಣಿ ಆಯಿತು. ಹಾಲಿನ ತೊಟ್ಟೆ, ಅರಶಿನ ಪುಡಿಯ ಪೊಟ್ಟಣ, ಊದುಬತ್ತಿಯ ಕವರ್, ಕರ್ಪೂರದ ಡಬ್ಬಿ, ತುಪ್ಪದ ಸ್ಯಾಷೆ. ಹೊರಗಿನವರು ಎಸೆದದ್ದು ಒಂದೂ ಇಲ್ಲ, ಎಲ್ಲವೂ ನಾವೇ ಭಕ್ತಿಯಿಂದ ತಂದದ್ದು. ಹಾಗಾಗಿ ಫಲಕ ಹಾಕಲಿಲ್ಲ. ನಾಗರ ಪಂಚಮಿಗೆ ಹಾಲು ಒಂದು ಮನೆಯಿಂದ ಬರುವುದು, ಪ್ರತಿ ವರ್ಷ ಬೇರೆ ಮನೆ, ದೊಡ್ಡ ಕ್ಯಾನಿನಲ್ಲಿ. ಬಂದವರಿಗೆಲ್ಲ ಬನದ ಬಾಯಿಯಲ್ಲಿ ತಂಬಿಗೆಗೆ ಹೊಯ್ದು ಕೊಡುವುದು. ತಂಬಿಗೆ ತರದವರಿಗೆ ಅಲ್ಲಿಯೇ ನಾಲ್ಕು ಇಟ್ಟಿದ್ದೇವೆ. ಅರಶಿನ ಬಾಳೆ ಎಲೆಯಲ್ಲಿ. ಅಂಗಡಿಯಿಂದ ಪೊಟ್ಟಣ ತಂದವರು ಅದನ್ನು ಬಾಯಿಯಲ್ಲಿರುವ ಬುಟ್ಟಿಗೆ ಸುರಿದು ಖಾಲಿ ಪೊಟ್ಟಣವನ್ನು ತಮ್ಮ ಜೇಬಿಗೇ ಹಾಕಿಕೊಳ್ಳಬೇಕು. ಮೊದಲ ವರ್ಷ ಒಬ್ಬರು ಮುಖ ಊದಿಸಿಕೊಂಡು ಹೋದರು. ಎರಡನೇ ವರ್ಷ ಅವರದ್ದೇ ಮನೆಯ ಹಾಲಿನ ಸರದಿ.

ಆಮೇಲೆ ಕಮ್ಯುನಿಸ್ಟ್ ಪಚ್ಚ. (ಅಮೆರಿಕದಿಂದ ಬಂದ ಕಳೆಗೆ ನಮ್ಮವರು ಇಟ್ಟ ಹೆಸರು ನೋಡು.) ಅದನ್ನು ಕಡಿದರೆ ಮತ್ತೆ ಚಿಗುರುತ್ತದೆ, ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕೀಳಬೇಕು, ಹೂಬಿಡುವ ಮೊದಲು. ಸಣ್ಣ ಗಿಡಗಳ ಸುತ್ತ ಮಾತ್ರ ಬಿಡಿಸಿದರೆ ಸಾಕು, ಪೂರ್ತಿ ಬೋಳಿಸಬೇಡ.

ಗಿಡವೂ ನೆಟ್ಟೆವು. ಅರುವತ್ತು. ನರ್ಸರಿಯಿಂದ ತಂದವು. ಎರಡನೆಯ ಬೇಸಿಗೆ ದಾಟಿದಾಗ ಉಳಿದದ್ದು ಇಪ್ಪತ್ತೆರಡು. ಅದೇ ಹೊತ್ತಿಗೆ ತಾನಾಗಿ ಹುಟ್ಟಿದ ರಾಮಪತ್ರೆ, ಕುಂಟಾಲ, ಕಾಟುಮಾವಿನ ಸಸಿಗಳನ್ನು ಎಣಿಸಿ ನೂರಕ್ಕೆ ನಿಲ್ಲಿಸಿದೆ. ಹೊಸ ಮರ ಬೇಕೆಂದಿದ್ದರೆ ಹತ್ತಿರದ ಬನದಿಂದಲೇ ಬೀಜ ತಾ, ಆದರೆ ಒಣಗಿಸಿ ಡಬ್ಬಿಯಲ್ಲಿಟ್ಟು ಕಾಯಬೇಡ. ರಾಮಪತ್ರೆ, ಕಿರಾಲ್‌ಬೋಗಿಯಂಥವುಗಳ ಬೀಜ ಒಣಗಿದರೆ ಸಾಯುತ್ತದೆ. ಬಿದ್ದ ವಾರದಲ್ಲೇ ಮಣ್ಣಿಗೆ ಸೇರಿಸಬೇಕು.

ನೀರಿಗೆ ಒಂಬತ್ತು ಮನೆಯವರ ಸರದಿ, ಡಿಸೆಂಬರಿನಿಂದ ಮೇ ತನಕ ಭಾನುವಾರಕ್ಕೊಂದು ಮನೆ, ನಾಲ್ಕು ಕೊಡಪಾನ. ಪಟ್ಟಿಯನ್ನು ಭಜನಾ ಮಂದಿರದ ಗೋಡೆಗೆ ಅಂಟಿಸಿದ್ದೇವೆ. ಎರಡು ಮನೆಯವರೊಳಗೆ ಪಾಲಿನ ಕೇಸು ನಡೆಯುತ್ತಿದೆ, ಮಾತಿಲ್ಲ. ಅವರ ಭಾನುವಾರ ಒಂದರ ಹಿಂದೆ ಒಂದು ಬರದ ಹಾಗೆ ನೋಡಿಕೊಂಡೆ. ಇಬ್ಬರೂ ಬರುತ್ತಾರೆ. ಇಬ್ಬರೂ ಇನ್ನೊಬ್ಬರು ನೆಟ್ಟ ಗಿಡಕ್ಕೆ ನೀರು ಹಾಕುವುದಿಲ್ಲ. ತಾನಾಗಿ ಹುಟ್ಟಿದವಕ್ಕೆ ಇಬ್ಬರೂ ಹಾಕುತ್ತಾರೆ.

ನಮ್ಮ ಯುವಕ ಸಂಘದಿಂದ ಜೂನ್ 5ಕ್ಕೆ ಬೋಳು ಗುಡ್ಡೆಯಲ್ಲಿ ಸಾವಿರ ಗಿಡ ನೆಡಲು ನಿಶ್ಚಯಿಸಿದ್ದೇವೆ. ಯಾವ ಗಿಡ ಒಳ್ಳೆಯದು? — ಕಾರ್ಯದರ್ಶಿ, ಮುಳ್ಳೇರಿಯ

ಗಿಡದ ಹೆಸರು ಹೇಳುವ ಮೊದಲು ಒಂದು ತಪ್ಪೊಪ್ಪಿಗೆ. 1989ರಲ್ಲಿ ವನಮಹೋತ್ಸವಕ್ಕೆ ಶಾಲೆಯ ಹಿಂದಿನ ಗುಡ್ಡೆಯಲ್ಲಿ ಮಕ್ಕಳಿಂದ ಇನ್ನೂರು ಅಕೇಶಿಯಾ ನೆಡಿಸಿದವಳು ನಾನು. ಆಗ ಸಾಮಾಜಿಕ ಅರಣ್ಯ ಎಂದರೆ ಅದೇ. ಆಸ್ಟ್ರೇಲಿಯಾದ ಕಡೆಯ ಮರ, ಬೇಗ ಬೆಳೆಯುತ್ತದೆ, ಸಾಯುವುದಿಲ್ಲ. ಸಾಯಲೇ ಇಲ್ಲ. ಅದರಡಿ ಬಿದ್ದ ಎಲೆ ಬೇಗ ಕೊಳೆಯುವುದಿಲ್ಲ, ಬೇರೆ ಗಿಡ ಕಷ್ಟದಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಒಂದು ಬೀಡಿ ಕಿಡಿ ಸಾಕು. ಅಂದಿನ ಮಕ್ಕಳು ಈಗ ನನ್ನನ್ನು ಕಂಡರೆ "ಟೀಚರ್, ನಾವು ನೆಟ್ಟ ಮರ ಎಷ್ಟು ದೊಡ್ಡದಾಗಿದೆ!" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ನಿಮ್ಮ ಗುಡ್ಡೆ ನಿಜವಾಗಿ ಬೋಳೇ? ನಮ್ಮ ಕಡೆ ಮುರಕಲ್ಲಿನ ಚಪ್ಪಟೆ ಪಾರೆಗಳು ಬೇಸಿಗೆಯಲ್ಲಿ ಸತ್ತ ಹಾಗೆ ಕಾಣುತ್ತವೆ. ಆಗಸ್ಟಿನಲ್ಲಿ ಒಮ್ಮೆ ಹತ್ತಿ ನೋಡಿ. ನೀರು ನಿಂತ ಹೊಂಡಗಳ ಸುತ್ತ ನೆಲವೇ ನೀಲಿಯಾಗಿರುತ್ತದೆ. ಮಲಯಾಳದವರು ಓಣಂ ಹೂವಿನ ರಂಗೋಲಿಗೆ ಕೊಯ್ಯುವ ಕಾಕ್ಕಪ್ಪೂ ಅದು. ಬೇರಿನಂಥ ಎಳೆಗಳಲ್ಲಿ ಸಣ್ಣ ಸಣ್ಣ ಚೀಲ ಇಟ್ಟುಕೊಂಡು ನೀರಿನ ಹುಳ ಹಿಡಿದು ತಿನ್ನುವ ಗಿಡ. ಅದಕ್ಕೆ ಬಿಸಿಲು ಬೇಕು, ತೆಳು ಮಣ್ಣು ಬೇಕು. ಅಲ್ಲಿ ಸಾವಿರ ಮರ ನೆಟ್ಟು ನೆರಳು ಮಾಡಿದರೆ ಇದ್ದದ್ದೂ ಹೋಯಿತು. ಪಾರೆಯ ಮೇಲೆ ಬಿದ್ದ ಮಳೆ ಬಿರುಕಿನಲ್ಲಿ ಇಳಿದೇ ಕೆಳಗಿನ ಸುರಂಗಕ್ಕೆ ಬರುವುದು. ಪಾರೆಯನ್ನು ಹಾಗೆಯೇ ಬಿಡಿ.

ನೆಡಲಿಕ್ಕೆ ಗುಡ್ಡೆಯ ಇಳಿಜಾರು, ತೋಡಿನ ದಂಡೆ, ಕೈಬಿಟ್ಟ ಮುರಕಲ್ಲು ಕೋರೆಯ ಅಂಚು ಆಯ್ದುಕೊಳ್ಳಿ. ಕೋರೆಯೊಳಗೆ ಊರಿನ ಕಸ ಸುರಿದಿದ್ದರೆ ಮೊದಲು ಅದನ್ನು ತೆಗೆಸಿ, ಕಸದ ಮೇಲೆ ಮಣ್ಣು ಹಾಕಿ ಗಿಡ ನೆಟ್ಟು ಉದ್ಘಾಟನೆ ಮಾಡಿದ್ದನ್ನೂ ನಾನು ನೋಡಿದ್ದೇನೆ. ಪುನರ್ಪುಳಿ, ನೇರಳೆ, ಕಾಟುಮಾವು, ಹೆಬ್ಬಲಸು, ತಾರೆ, ಅಂಟುವಾಳ, ಹೊನ್ನೆ: ನಿಮ್ಮ ಅಜ್ಜಿ ಹೆಸರು ಕೇಳಿದ ಕೂಡಲೇ ಉಪಯೋಗ ಹೇಳುವಂಥವು. 2019ರಲ್ಲಿ ನಮ್ಮ ಜಿಲ್ಲೆಯಲ್ಲಿ 3 ಲಕ್ಷ ಬಿದಿರು ನೆಡುವ ಯೋಜನೆ ಹಾಕಿದ್ದರು, ನೀರು ಇಂಗಲೆಂದು. ಬಿದಿರು ಒಳ್ಳೆಯದೇ, ಹೂ ಬಿಟ್ಟರೆ ಹಿಂಡು ಸಾಯುತ್ತದೆ ಎಂಬುದು ಗೊತ್ತಿರಲಿ. ಜಾಗ ಕಡಿಮೆ ಇದ್ದರೆ ಹರಿತ ಕೇರಳಂ ಮಿಷನ್‌ನ ಪಚ್ಚತುರುತ್ತು ಮಾಡಬಹುದು. ಅದು ಊರಿನ ಮರಗಳ ಕಿರುಗಾಡು, ಅರ್ಧ ಸೆಂಟ್ ಇದ್ದರೂ ನಡೆಯುತ್ತದೆ.

ಸಾವಿರ ಬೇಡ, ನೂರು ಸಾಕು. ಸಂಘದಲ್ಲಿ ಇಪ್ಪತ್ತೈದು ಜನ ಇದ್ದರೆ ತಲೆಗೆ ನಾಲ್ಕು. ಮಾರ್ಚಿನಲ್ಲಿ ನಾಲ್ಕು ಗಿಡಕ್ಕೆ ಒಬ್ಬ ನೀರು ಹೊರಬಲ್ಲ, ನಲವತ್ತಕ್ಕೆ ಆಗದು. ಮತ್ತೆ, ಸಾವಿರ ಗಿಡ ಎಂದರೆ ಸಾವಿರ ಕಪ್ಪು ತೊಟ್ಟೆ. ಒಮ್ಮೆ ಒಂದು ಕಡೆ ನಾನೂರು ಗಿಡ ನೆಟ್ಟು ಭಾಷಣ ಮುಗಿಸಿ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು, ನನ್ನ ತಮ್ಮ ಸೇರಿ ಗುಡ್ಡೆಯಿಂದ ಮುನ್ನೂರ ನಲವತ್ತು ತೊಟ್ಟೆ ಹೆಕ್ಕಿದೆವು. ಅಂದಿನ ಭಾಷಣದ ವಿಷಯ ಪ್ಲಾಸ್ಟಿಕ್ ಮುಕ್ತ ಪರಿಸರ. ಉಳಿದ ಅರುವತ್ತನ್ನು ಗಿಡದ ಜೊತೆಗೇ ಹೂಳಿದ್ದರು, ಬೇರು ಹೊರಗೆ ಬರಲಿಕ್ಕಿಲ್ಲ. ತೊಟ್ಟೆಯನ್ನು ಸೀಳದೆ, ಬುಡ ತಟ್ಟಿ ಜಾರಿಸಿ ತೆಗೆದರೆ ನರ್ಸರಿಯವರು ಹಿಂದೆ ತೆಗೆದುಕೊಳ್ಳುತ್ತಾರೆ, ಮೊದಲೇ ಮಾತಾಡಿ. ಮುಂದಿನ ವರ್ಷಕ್ಕೆ ನೀವೇ ಸಸಿ ಮಾಡುವುದಾದರೆ ಅಡಿಕೆ ಹಾಳೆಯನ್ನು ಸುರುಳಿ ಮಾಡಿ ಬಳ್ಳಿಯಿಂದ ಕಟ್ಟಿ. ಒಂದು ಮಳೆಗಾಲ ತಡೆಯುತ್ತದೆ, ಹಾಗೆಯೇ ಮಣ್ಣಿಗಿಡಬಹುದು.

ದಿನಾಂಕವೂ ಜೂನ್ 5 ಆಗಬೇಕೆಂದಿಲ್ಲ. ಮಳೆ ಕೈಕೊಟ್ಟ ವರ್ಷ 5ಕ್ಕೆ ನೆಟ್ಟದ್ದು 15ಕ್ಕೆ ಬಾಡಿರುತ್ತದೆ. ಮಣ್ಣು ಗೇಣು ಆಳಕ್ಕೆ ನೆಂದ ಮೇಲೆ ನೆಡಿ, ಅತಿಥಿಗಳಿಗೆ ಆ ದಿನ ಬಿಡುವಿಲ್ಲವಾದರೆ ಇನ್ನೂ ಒಳ್ಳೆಯದು.

ನಾವು ತಾಳವಾಡಿಯವರು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲೂ ಬಾಟಲಿ, ತೊಟ್ಟೆ. ತಿಂಗಳಿಗೊಮ್ಮೆ ಆಯ್ದು ತರುತ್ತೇವೆ, ಮರು ತಿಂಗಳು ಮತ್ತೆ ಅಷ್ಟೇ. ಬೇಸರವಾಗಿದೆ. — ಯುವಕರ ಪರವಾಗಿ, ತಾಳವಾಡಿ, ಈರೋಡ್ ಜಿಲ್ಲೆ

ಬೇಸರವಾಗದೆ ಇರುತ್ತದೆಯೇ? ಎಸೆಯುವವನು ಹುಲಿ ಕಾಡಿನ ನಡುವೆ ಕಾರು ನಿಲ್ಲಿಸದೆ ಎಸೆದು ಹೋಗುತ್ತಾನೆ, ನೀವು ಬಗ್ಗಿ ಬಗ್ಗಿ ಆಯಬೇಕು. ನಿಮ್ಮ ರಾಜ್ಯ 2019ರ ಜನವರಿಯಿಂದಲೇ ಒಂದು ಸಲ ಬಳಸಿ ಎಸೆಯುವ ತೊಟ್ಟೆ, ಲೋಟಗಳನ್ನು ನಿಷೇಧಿಸಿದೆ, 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆ ಚೀಲದ "ಮೀಂಡುಂ ಮಂಜಪ್ಪೈ" ಆಂದೋಲನವನ್ನೂ ಶುರು ಮಾಡಿತು. ಆದರೆ ನನಗೆ ಹಿಡಿಸಿದ್ದು ಪಕ್ಕದ ನೀಲಗಿರಿಯ ಬಾಟಲಿ ಲೆಕ್ಕ. 2022ರಲ್ಲಿ ಅಲ್ಲಿನ ಸರಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಅದನ್ನು ಹಿಂದೆ ಕೊಡುವ ಕ್ರಮ ತಂದರು. ಮದರಾಸು ಹೈಕೋರ್ಟ್ ಬೆನ್ನು ಹತ್ತಿ ಮಾಡಿಸಿದ್ದು. ಕುಡಿದವನು ಎಸೆದರೂ ಹೆಕ್ಕಿದವನಿಗೆ 10 ರೂಪಾಯಿ ಆಯಿತಲ್ಲ.

ಆ ಕ್ರಮ ಆಮೇಲೆ ಬೇರೆ ಕಡೆಗೂ ಹರಡಿದೆ. ನಿಮ್ಮ ಘಾಟಿಯ ಮೇಲೆ, ಕೆಳಗೆ ಇರುವ ಅಂಗಡಿಗಳಲ್ಲಿ ಹಿಂದೆ ಪಡೆಯುತ್ತಾರೆಯೇ ಎಂದು ವಿಚಾರಿಸಿ, ಇಲ್ಲವಾದರೆ ಕಲೆಕ್ಟರಿಗೆ ಬರೆಯಿರಿ. ನೀವು ಆಯ್ದ ಬಾಟಲಿಗಳ ಲೆಕ್ಕವನ್ನು ತಿಂಗಳವಾರು ತಿರುವಿನ ಸಂಖ್ಯೆಯ ಸಮೇತ ಸೇರಿಸಿ. ಯಾವ ತಿರುವಿನಲ್ಲಿ ಹೆಚ್ಚು ಎಂದು ಗೊತ್ತಾದರೆ ಅಲ್ಲಿ ಕಾರು ಏಕೆ ನಿಧಾನವಾಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಟೀಚರ್, ಕಾಸರಗೋಡಿಗೆ ಆ ಹೆಸರು ಮರದಿಂದ ಬಂದದ್ದು ಎಂದು ಅಜ್ಜ ಹೇಳಿದರು. ಅದು ಯಾವ ಮರ? ಈಗಲೂ ಇದೆಯಾ? — ಏಳನೇ ತರಗತಿ, ಕುಂಬಳೆ

ಕಾಸರಕ. ಅದರಿಂದಲೇ ಕಾಸರಗೋಡು ಆಯಿತು ಎಂದು ಹೇಳುವವರು ನಿನ್ನ ಅಜ್ಜ ಒಬ್ಬರೇ ಅಲ್ಲ. ಮಲಯಾಳದಲ್ಲಿ ಕಾಞ್ಞಿರಂ. 2023ರಲ್ಲಿ ಅದನ್ನೇ ನಮ್ಮ ಜಿಲ್ಲೆಯ ಮರ ಎಂದು ಘೋಷಿಸಿದರು. ಜೊತೆಗೆ ಜಿಲ್ಲೆಗೆ ಒಂದು ಹಕ್ಕಿ, ಬಿಳಿ ಹೊಟ್ಟೆಯ ಕಡಲ ಹದ್ದು. ಒಂದು ದೊಡ್ಡ ಆಮೆಯೂ ಉಂಟು, ಚಂದ್ರಗಿರಿ ಹೊಳೆಯಲ್ಲಿ ಇರುವಂಥದ್ದು, ಬೆನ್ನು ಮೆತ್ತಗಿನದು, ಹೊಳೆಯ ದಂಡೆಯ ಮರಳಿನಲ್ಲಿ ಮೊಟ್ಟೆ ಇಡುತ್ತದೆ.

ಕಾಸರಕ ಈಗಲೂ ಇದೆ. ಮೊದಲು ಗದ್ದೆಗೆ ಅದರ ಸೊಪ್ಪು ಹಾಕುತ್ತಿದ್ದರು, ಗದ್ದೆ ಹೋದ ಮೇಲೆ ಮರವನ್ನು ಕೇಳುವವರಿಲ್ಲ. ಎಲೆಯನ್ನು ಹೀಗೆ ಗುರುತಿಸು: ನುಣುಪಾಗಿ ಹೊಳೆಯುತ್ತದೆ, ತೊಟ್ಟಿನ ಬುಡದಿಂದಲೇ ಮೂರೋ ಐದೋ ದಪ್ಪ ನರ ಹೊರಟು ತುದಿಯ ಕಡೆಗೆ ಹೋಗುತ್ತದೆ. ಹಣ್ಣು ಸಣ್ಣ ಕಿತ್ತಳೆಯ ಹಾಗೆ ಚಂದ ಕಾಣುತ್ತದೆ, ಬಾಯಿಗೆ ಹಾಕಬೇಡ. ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇದೆ. ಅಜ್ಜನನ್ನೇ ಕರೆದುಕೊಂಡು ಹೋಗಿ ಹುಡುಕು. ಸಿಕ್ಕಿದರೆ ಬಿದ್ದ ಎಲೆಯೊಂದನ್ನು ಪುಸ್ತಕದ ನಡುವೆ ಒಣಗಿಸಿ ನನಗೆ ಅಂಚೆಯಲ್ಲಿ ಕಳಿಸು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡ ಮಗಾ, ಬೂಸರು ಬರುತ್ತದೆ.